ತಡವಾಗಿ ಬಂದು ಬೇಗ ಹೊರಡುವ ಬೆಂಬಲ

ಹೆಣ್ಣುಮಗಳೊಬ್ಬಳ ಮೇಲೆ ದೌರ್ಜನ್ಯ ನಡೆದ ಸುದ್ದಿ ಬಂದ ವಾರ ನನಗೆ ಬರುವ ಓದುಗರ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪುವುದೇ ಇಲ್ಲ. ಕೆಲವರು ಅದನ್ನು ಸಿಟ್ಟಿನಿಂದ ಕೇಳುತ್ತಾರೆ, ಕೆಲವರು ಬೇಸರದಿಂದ. ಕಳೆದ ತಿಂಗಳು ಗೋಕುಲ ರಸ್ತೆಯ ಕಾಲೇಜು ಹುಡುಗಿಯೊಬ್ಬಳು ನಮ್ಮ ಕಡೆಯ ಮಾತಿನಲ್ಲೇ ಕೇಳಿದಳು: ‘ಅಕ್ಕಾರ, ನಾವೆಲ್ಲಾರೂ ಸ್ಟೇಟಸ್ ಹಾಕ್ತೀವಿ, ಹ್ಯಾಶ್‌ಟ್ಯಾಗ್ ಹಾಕ್ತೀವಿ. ಅದರಿಂದ ಆಕಿಗೆ ಏನರ ಆಗತೈತೇನ್ರಿ?’ ಆಗುತ್ತದೆ ಎಂಬುದು ನನ್ನ ಉತ್ತರ. ಆದರೆ ಈಗ ಆಗುತ್ತಿರುವುದು ಆಗಬೇಕಾದದ್ದಕ್ಕಿಂತ ಬಹಳ ಕಡಿಮೆ. ಅಂತರ್ಜಾಲದ ಬೆಂಬಲ ನಮ್ಮಲ್ಲಿ ತಡವಾಗಿ ಬರುತ್ತದೆ, ಬೇಗ ಹೊರಟುಹೋಗುತ್ತದೆ. ಈ ಎರಡನ್ನು ಸರಿಪಡಿಸಿಕೊಂಡರೆ ನಮ್ಮ ಕೈಯಲ್ಲಿರುವ ಫೋನು ಬಹಳ ದೊಡ್ಡ ಕೆಲಸ ಮಾಡಬಲ್ಲದು. ಇದನ್ನು ಹೇಳಲು ಹುಬ್ಬಳ್ಳಿಗಿಂತ ತಕ್ಕ ಊರು ಇಲ್ಲ. ಏಕೆಂದರೆ ಭಾರತದಲ್ಲಿ ಫೇಸ್‌ಬುಕ್ ಮೂಲಕ ನಡೆದ ಮೊದಮೊದಲ ದೊಡ್ಡ ಮಹಿಳಾ ಪ್ರತಿಭಟನೆಯ ವಿಳಾಸ ನಮ್ಮೂರೇ ಆಗಿತ್ತು.

2009ರ ಜನವರಿ 24ರಂದು ಮಂಗಳೂರಿನ ‘ಅಮ್ನೇಶಿಯಾ’ ಪಬ್ಬಿಗೆ ನುಗ್ಗಿದ ಗುಂಪೊಂದು ಅಲ್ಲಿದ್ದ ಯುವತಿಯರನ್ನು ಅಟ್ಟಾಡಿಸಿ ಹೊಡೆಯಿತು. ಟಿವಿ ಕ್ಯಾಮೆರಾಗಳ ಎದುರೇ ಅದು ನಡೆಯಿತು. ಶ್ರೀರಾಮ ಸೇನೆಯ ಕಾರ್ಯಕರ್ತರ ಮೇಲೆ ಪ್ರಕರಣ ದಾಖಲಾಯಿತು. ಪ್ರೇಮಿಗಳ ದಿನದಂದು ಒಟ್ಟಿಗೆ ಸಿಕ್ಕ ಜೋಡಿಗಳಿಗೆ ಮದುವೆ ಮಾಡಿಸುವುದಾಗಿ ಸಂಘಟನೆಯ ಮುಖ್ಯಸ್ಥ ಪ್ರಮೋದ್ ಮುತಾಲಿಕ್ ಸಾರಿದರು. ಅದಕ್ಕೆ ಉತ್ತರವಾಗಿ ಫೆಬ್ರವರಿ ಮೊದಲ ವಾರ ಪತ್ರಕರ್ತೆ ನಿಶಾ ಸೂಸನ್ ಮತ್ತು ಗೆಳತಿಯರು ಫೇಸ್‌ಬುಕ್‌ನಲ್ಲಿ ಒಂದು ಗುಂಪು ತೆರೆದರು. ಪಬ್ಬಿಗೆ ಹೋಗುವ, ‘ನಡತೆಗೆಟ್ಟ’, ‘ಮುಂದುವರಿದ’ ಹೆಂಗಸರ ಒಕ್ಕೂಟ ಎಂದು ಅದಕ್ಕೆ ಹೆಸರಿಟ್ಟರು. ಹೆಂಗಸರನ್ನು ಜರೆಯಲು ಬಳಸುವ ಮಾತನ್ನೇ ತಾವಾಗಿ ಹೊತ್ತುಕೊಂಡ ಹೆಸರದು. ದೇಶದ ಎಲ್ಲ ಕಡೆಯಿಂದ ಗುಲಾಬಿ ಬಣ್ಣದ ಚಡ್ಡಿಗಳನ್ನು ಹುಬ್ಬಳ್ಳಿಯ ಶ್ರೀರಾಮ ಸೇನೆ ಕಚೇರಿಗೆ ಕಳಿಸಿ ಎಂಬುದು ಅವರ ಕರೆ. ಕೆಲವೇ ದಿನಗಳಲ್ಲಿ ಸಾವಿರಾರು ಜನ ಸೇರಿದರು. ಹಲವು ನಗರಗಳಲ್ಲಿ ಚಡ್ಡಿ ಸಂಗ್ರಹಿಸಲು ಜಾಗಗಳು ಹುಟ್ಟಿಕೊಂಡವು, ಪಾರ್ಸೆಲ್‌ಗಳು ಹುಬ್ಬಳ್ಳಿಯ ಕಡೆ ಹೊರಟವು. ಕಳಿಸಿದವರಿಗೆ ಗುಲಾಬಿ ಸೀರೆ ಕಳಿಸುತ್ತೇವೆ ಎಂದು ಮುತಾಲಿಕ್ ಉತ್ತರಿಸಿದರು. ಪ್ರೇಮಿಗಳ ದಿನದ ಹೊತ್ತಿಗೆ ಪೊಲೀಸರು ಅವರನ್ನೂ ಹಲವು ಕಾರ್ಯಕರ್ತರನ್ನೂ ಮುಂಜಾಗ್ರತೆಗಾಗಿ ವಶಕ್ಕೆ ಪಡೆದರು.

ಆಗ ನಮ್ಮ ಊರಲ್ಲಿ ಫೇಸ್‌ಬುಕ್ ಗೊತ್ತಿದ್ದವರು ಕಡಿಮೆ. ಅದು ಆರ್ಕುಟ್ ಕಾಲ, ಗಂಟೆಗಿಷ್ಟು ಎಂದು ಕೊಟ್ಟು ಸೈಬರ್ ಕೆಫೆಯಲ್ಲಿ ಕೂರುತ್ತಿದ್ದ ಕಾಲ. ಹುಬ್ಬಳ್ಳಿಯ ಹೆಂಗಸರಿಗೆ ಈ ಅಭಿಯಾನ ಗೊತ್ತಾದದ್ದು ಪತ್ರಿಕೆ ಓದಿ, ಟಿವಿ ನೋಡಿ. ಬಹಳ ಜನ ಮುಜುಗರಪಟ್ಟರು. ಪ್ರತಿಭಟನೆಗೆ ಇದೆಂಥ ವಸ್ತು ಎಂದು ಹಿರಿಯರು ಗೊಣಗಿದರು. ಪಬ್ಬಿಗೆ ಹೋಗುವವರ ಹಕ್ಕಿನ ಮಾತು ತಮಗೆ ಸಂಬಂಧಿಸಿದ್ದಲ್ಲ ಎಂದು ಅನೇಕರಿಗೆ ಅನ್ನಿಸಿತು. ಆ ಟೀಕೆಯಲ್ಲಿ ಹುರುಳಿತ್ತು. ಅಭಿಯಾನದ ಮಾತು ಇಂಗ್ಲಿಷಿನದು, ಅದರ ಜನ ಮಹಾನಗರಗಳವರು. ಆದರೂ ಅದು ಮಾಡಿದ ಒಂದು ಕೆಲಸವನ್ನು ನಾನು ಇವತ್ತಿಗೂ ದೊಡ್ಡದೆಂದು ನಂಬುತ್ತೇನೆ. ಹೊಡೆತ ತಿಂದವರೇ ತಲೆ ತಗ್ಗಿಸಬೇಕು ಎಂಬ ರೂಢಿಯನ್ನು ಅದು ತಿರುಗಿಸಿತು. ನಾಚಿಕೆ ಯಾರದ್ದಾಗಬೇಕು ಎಂಬ ಪ್ರಶ್ನೆಯನ್ನು ಹುಬ್ಬಳ್ಳಿಯ ಒಂದು ವಿಳಾಸದ ಮೇಲೆ ಬರೆದು ಅಂಚೆಗೆ ಹಾಕಿತು. ಒಬ್ಬರ ಮುಖ ಒಬ್ಬರು ಕಾಣದ ಸಾವಿರಾರು ಹೆಂಗಸರು ಒಂದೇ ವಾರದಲ್ಲಿ ಒಂದೇ ಕೆಲಸ ಮಾಡಬಹುದು ಎಂಬುದನ್ನು ದೇಶ ಮೊದಲ ಸಲ ಕಂಡಿತು.

ಮುಂದೆ ಏನಾಯಿತು ಎಂಬುದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಆ ಫೇಸ್‌ಬುಕ್ ಗುಂಪಿಗೆ ಕನ್ನ ಹಾಕಲಾಯಿತು, ಅದನ್ನು ಕಟ್ಟಿದವರಿಗೆ ಬೆದರಿಕೆಗಳು ಬಂದವು, ಗುಂಪು ಅವರ ಕೈತಪ್ಪಿತು. ಸಾವಿರಾರು ಜನರ ಒಕ್ಕೂಟವೊಂದು ನಿಂತಿದ್ದ ನೆಲವೇ ಖಾಸಗಿ ಕಂಪನಿಯದು ಎಂಬುದು ಆಗ ಸ್ಪಷ್ಟವಾಯಿತು. ಅದಕ್ಕಿಂತ ನೋವಿನ ಸಂಗತಿ ನ್ಯಾಯಾಲಯದ್ದು. ಹಲ್ಲೆಗೊಳಗಾದ ಯುವತಿಯರು ಯಾರೂ ದೂರು ಕೊಡಲು ಮುಂದೆ ಬಂದಿರಲಿಲ್ಲ. ಅವರ ಮುಖಗಳು ಟಿವಿಯಲ್ಲಿ ಮತ್ತೆ ಮತ್ತೆ ಓಡಿದ್ದವು, ಅವರ ಬಟ್ಟೆ, ಅವರ ಕುಡಿತ, ಅವರ ಮನೆತನ ಎಲ್ಲವೂ ಚರ್ಚೆಯಾಗಿದ್ದವು. ಅಂಥ ಹುಡುಗಿ ಹೆಸರು ಹೇಳಿಕೊಂಡು ಕಟಕಟೆ ಹತ್ತುವುದು ಹೇಗೆ? 2018ರ ಮಾರ್ಚ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಮುತಾಲಿಕ್ ಮತ್ತು ಇತರ ಆರೋಪಿಗಳನ್ನು ಸಾಕ್ಷ್ಯಾಧಾರಗಳ ಕೊರತೆಯಿಂದ ಖುಲಾಸೆಗೊಳಿಸಿತು. ಘಟನೆಗೂ ತೀರ್ಪಿಗೂ ನಡುವೆ ಒಂಬತ್ತು ವರ್ಷ. ಅಷ್ಟು ಹೊತ್ತಿಗೆ ಪಾರ್ಸೆಲ್ ಕಳಿಸಿದವರು ಬೇರೆ ಬೇರೆ ದಾರಿ ಹಿಡಿದಿದ್ದರು. ಕಾನೂನಿನ ದೃಷ್ಟಿಯಲ್ಲಿ ತೀರ್ಪು ತೀರ್ಪೇ. ನನ್ನ ಪ್ರಶ್ನೆ ಇರುವುದು ನಮ್ಮ ಬಗ್ಗೆ. ಲೋಕವೆಲ್ಲ ತನ್ನ ಪರವಾಗಿದ್ದಾಗಲೂ ಒಬ್ಬ ಹುಡುಗಿಗೆ ಸಾಕ್ಷಿ ಹೇಳುವ ಧೈರ್ಯ ಬರಲಿಲ್ಲ ಎಂದರೆ, ಆ ಬೆಂಬಲ ಅವಳನ್ನು ಮುಟ್ಟಿರಲೇ ಇಲ್ಲ ಎಂದಲ್ಲವೇ?

ಹಾಗೆಂದು ಅಂತರ್ಜಾಲದ ಸಮುದಾಯಗಳನ್ನು ಕೆಲಸಕ್ಕೆ ಬಾರದವು ಎನ್ನುವವರ ಜತೆ ನಾನಿಲ್ಲ. ಅವು ಏಕೆ ಹುಟ್ಟುತ್ತವೆ ಎಂದು ಮೊದಲು ನೋಡಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ, ಮದುವೆಯಾದ ಹೆಂಗಸರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ದೇಶದ ರಾಜ್ಯಗಳಲ್ಲೇ ಇದು ಅತಿ ಹೆಚ್ಚು. ಅದೇ ಸಮೀಕ್ಷೆ ಇನ್ನೊಂದು ಮಾತು ಹೇಳುತ್ತದೆ: ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಶೇ 77ರಷ್ಟು ಮಂದಿ ಯಾರ ನೆರವನ್ನೂ ಕೇಳಿಲ್ಲ, ಯಾರಿಗೂ ಹೇಳಿಕೊಂಡೂ ಇಲ್ಲ. ತಾಯಿಗೆ ಹೇಳಿದರೆ ನೊಂದುಕೊಳ್ಳುತ್ತಾಳೆ, ಅಣ್ಣನಿಗೆ ಹೇಳಿದರೆ ಜಗಳವಾಗುತ್ತದೆ, ಓಣಿಗೆ ಗೊತ್ತಾದರೆ ತಂಗಿಯ ಮದುವೆ ನಿಲ್ಲುತ್ತದೆ. ಇಂಥ ಲೆಕ್ಕಾಚಾರದಲ್ಲಿ ಬಾಯಿ ಮುಚ್ಚಿಕೊಂಡವಳಿಗೆ ಮೊದಲ ಮಾತನ್ನು ಅಪರಿಚಿತಳ ಎದುರು ಆಡುವುದು ಸುಲಭ. ನನಗೆ ಪರಿಚಯವಿರುವ ಹಳೇ ಹುಬ್ಬಳ್ಳಿಯ ಒಬ್ಬ ಗೃಹಿಣಿ ವರ್ಷಗಟ್ಟಲೆ ಹೊಡೆತ ತಿಂದದ್ದನ್ನು ಮೊದಲು ಹೇಳಿಕೊಂಡದ್ದು ಫೋನಿನ ಒಂದು ಅಡುಗೆ ಗುಂಪಿನಲ್ಲಿ ಪರಿಚಯವಾದ ಬೀದರ್ ಕಡೆಯ ಹೆಂಗಸಿಗೆ. ‘ಆಕಿ ನನ್ನ ಮುಖಾ ನೋಡಿರಲಿಲ್ಲ, ನಮ್ಮ ಮನಿತನಾ ಗೊತ್ತಿರಲಿಲ್ಲ, ಅದಕ್ಕ ಹೇಳಾಕ ಬಂತು’ ಎಂದರು ನನಗೆ. ಆ ಬೀದರಿನ ಹೆಂಗಸು ಬೇರೇನೂ ಮಾಡಲಿಲ್ಲ, ದಿನಾ ಸಂಜೆ ಒಂದು ಸಲ ‘ಹೆಂಗದೀರಿ’ ಎಂದು ಕೇಳಿದರು. ಆ ಬಲದ ಮೇಲೆ ಈಕೆ ತವರಿಗೆ ಬಾಯಿಬಿಟ್ಟು ಹೇಳಿದರು.

ಕರ್ನಾಟಕದಲ್ಲಿ ಇಂಥ ಬಲವನ್ನು ಕಟ್ಟಿ ತೋರಿಸಿದವರಿದ್ದಾರೆ. ಬೆಂಗಳೂರಿನಲ್ಲಿ ಕಲಾ ವಿದ್ಯಾರ್ಥಿನಿಯಾಗಿದ್ದ ಜಸ್ಮೀನ್ ಪತೇಜಾ 2003ರಲ್ಲಿ ‘ಬ್ಲ್ಯಾಂಕ್ ನಾಯ್ಸ್’ ಶುರು ಮಾಡಿದಾಗ ಬೀದಿಯಲ್ಲಿ ಹುಡುಗಿಯರನ್ನು ಕೆಣಕುವುದನ್ನು ಯಾರೂ ಅಪರಾಧವೆಂದು ಗಂಭೀರವಾಗಿ ನೋಡುತ್ತಿರಲಿಲ್ಲ. ಅಂತರ್ಜಾಲದಲ್ಲಿ ನೂರಾರು ಹೆಂಗಸರು ತಮಗಾದದ್ದನ್ನು ಬರೆದ ಮೇಲೆ, ನನಗೊಬ್ಬಳಿಗೇ ಹೀಗಾಯಿತು ಎಂದುಕೊಂಡಿದ್ದವರಿಗೆ ಅದು ತಮ್ಮ ತಪ್ಪಲ್ಲ ಎಂಬುದು ಅರಿವಾಯಿತು. ಪತೇಜಾ ಅಲ್ಲಿಗೇ ನಿಲ್ಲಲಿಲ್ಲ. ಕಿರುಕುಳ ನಡೆದ ದಿನ ತೊಟ್ಟಿದ್ದ ಬಟ್ಟೆಯನ್ನು ಕಳಿಸಲು ಹೆಂಗಸರನ್ನು ಕೇಳಿದರು, ಹೆಂಗಸರು ಉದ್ಯಾನಗಳಲ್ಲಿ ಒಟ್ಟಾಗಿ ಮಲಗಿ ನಿದ್ರಿಸುವ ಕಾರ್ಯಕ್ರಮ ಮಾಡಿದರು. ಪರದೆಯ ಮೇಲೆ ಶುರುವಾದದ್ದು ನೆಲಕ್ಕೆ ಇಳಿಯಿತು.

ಪರದೆಯ ಲೋಕದಲ್ಲಿ ಆಗುವ ಹಿಂಸೆ ನಿಜವಾದ ಹಿಂಸೆಯೇ ಅಲ್ಲ ಎನ್ನುವವರಿಗೆ ಹಳೆಯ ಒಂದು ಸಂಗತಿ ಹೇಳಬೇಕು. 1993ರಲ್ಲಿ ಅಮೆರಿಕದಲ್ಲಿ ‘ಲ್ಯಾಂಬ್ಡಾಮೂ’ ಎಂಬ ವರ್ಚುವಲ್ ಲೋಕವಿತ್ತು. ಚಿತ್ರವಿಲ್ಲ, ಧ್ವನಿಯಿಲ್ಲ, ಬರೀ ಅಕ್ಷರ. ಅಲ್ಲಿ ಒಬ್ಬ ಸದಸ್ಯ ಪ್ರೋಗ್ರಾಮ್ ಬಳಸಿ ಬೇರೆಯವರ ಪಾತ್ರಗಳ ಮೇಲೆ ಅತ್ಯಾಚಾರವನ್ನು ಎಲ್ಲರೆದುರು ಬರೆಯಿಸಿದ. ದೂರದ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಹೆಂಗಸು ನಿಜವಾಗಿಯೇ ಕಣ್ಣೀರಿಟ್ಟಳು. ಪತ್ರಕರ್ತ ಜೂಲಿಯನ್ ಡಿಬೆಲ್ ಅದರ ಬಗ್ಗೆ ಬರೆದ ಲೇಖನ ಇಂದಿಗೂ ಓದಿಸಿಕೊಳ್ಳುತ್ತದೆ. ನನಗೆ ಮುಖ್ಯವೆನಿಸುವುದು ಆಮೇಲೆ ನಡೆದದ್ದು. ಆ ಲೋಕದ ಸದಸ್ಯರು ಒಂದೆಡೆ ಸೇರಿ ಗಂಟೆಗಟ್ಟಲೆ ವಾದಿಸಿದರು. ಕೊನೆಗೆ ಆ ಪಾತ್ರವನ್ನು ಅಳಿಸಲಾಯಿತು, ಮುಂದೆ ಸದಸ್ಯರೇ ಮತ ಹಾಕಿ ನಿರ್ಧರಿಸುವ ಪದ್ಧತಿ ಬಂತು. ಅಕ್ಷರಗಳಷ್ಟೇ ಇದ್ದ ಊರಿಗೂ ಪಂಚಾಯ್ತಿ ಬೇಕಾಯಿತು. ಸುಮಾರು 29 ವರ್ಷಗಳ ನಂತರ, 2022ರಲ್ಲಿ, ಮೆಟಾ ಕಂಪನಿ ತನ್ನ ವರ್ಚುವಲ್ ಲೋಕದಲ್ಲಿ ಒಬ್ಬರ ಪಾತ್ರ ಇನ್ನೊಬ್ಬರದ್ದರಿಂದ ಸುಮಾರು ನಾಲ್ಕು ಅಡಿ ದೂರವಿರುವಂತೆ ನಿಯಮ ತಂದಿತು. ಅಲ್ಲಿಯೂ ಹೆಂಗಸರು ತಮ್ಮನ್ನು ಮುಟ್ಟಿದ್ದರ ಬಗ್ಗೆ ದೂರಿದ ಮೇಲೆಯೇ.

ಈಗ ನಮ್ಮೂರಿಗೆ ಬರೋಣ. 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜು ಆವರಣದಲ್ಲೇ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಕೆಲವೇ ಗಂಟೆಗಳಲ್ಲಿ ಆ ಸುದ್ದಿ ದೇಶದ ಫೋನುಗಳಲ್ಲೆಲ್ಲ ಇತ್ತು. ನ್ಯಾಯ ಬೇಕೆಂಬ ಕೂಗು ಪರದೆಯಿಂದ ಬೀದಿಗೆ ಬಂತು. ಧಾರವಾಡದಲ್ಲಿ ಅಂಜುಮನ್ ಸಂಸ್ಥೆಯ ಕರೆಯಂತೆ ಮುಸ್ಲಿಂ ವ್ಯಾಪಾರಿಗಳೂ ಅರ್ಧ ದಿನ ಅಂಗಡಿ ಮುಚ್ಚಿ ಶೋಕ ಸೂಚಿಸಿದರು. ತನಿಖೆ ಸಿಐಡಿಗೆ ಹೋಯಿತು. ಅಷ್ಟು ಒತ್ತಡ ತಂದದ್ದರಲ್ಲಿ ಅಂತರ್ಜಾಲದ ಪಾಲು ದೊಡ್ಡದು. ಅದೇ ದಿನಗಳಲ್ಲಿ ಕೊಲೆಯ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಆಕೆಯ ಹಳೆಯ ಫೋಟೋಗಳನ್ನು ಹರಡಿ ಸತ್ತವಳ ನಡತೆಯನ್ನೇ ಪ್ರಶ್ನಿಸಿದವರಿದ್ದರು, ಅವಳ ಸಾವನ್ನು ಆರೋಪಿಯ ಇಡೀ ಸಮುದಾಯದ ಮೇಲಿನ ಸಿಟ್ಟಿಗೆ ಬಳಸಿಕೊಂಡವರೂ ಇದ್ದರು. ಮಗಳನ್ನು ಕಳೆದುಕೊಂಡ ಮನೆಯವರು ಅದನ್ನೆಲ್ಲ ನೋಡಬೇಕಾಯಿತು.

ತಿಂಗಳು ತುಂಬುವಷ್ಟರಲ್ಲಿ, ಮೇ 15ರ ನಸುಕಿನಲ್ಲಿ, ವೀರಾಪುರ ಓಣಿಯ ಮನೆಯೊಳಗೇ 20 ವರ್ಷದ ಇನ್ನೊಬ್ಬ ಯುವತಿಯನ್ನು ಕೊಲ್ಲಲಾಯಿತು. ಕಾಲೇಜಿನ ಹುಡುಗಿಗೆ ಆದದ್ದೇ ನಿನಗೂ ಆಗುತ್ತದೆ ಎಂದು ಆರೋಪಿ ಮೊದಲೇ ಬೆದರಿಸಿದ್ದ, ಅದನ್ನು ಪೊಲೀಸರಿಗೆ ತಿಳಿಸಿದ್ದೆವು, ಯಾರೂ ಕಿವಿಗೊಡಲಿಲ್ಲ ಎಂದು ಮನೆಯವರು ಹೇಳಿದರು. ಠಾಣೆಯ ಇನ್‌ಸ್ಪೆಕ್ಟರ್ ಅಮಾನತಾದರು. ಆ ವಾರ ನನ್ನ ನಿದ್ದೆ ಕೆಡಿಸಿದ ಸಂಗತಿ ಇದು: ಬೆದರಿಕೆ ಬಂದದ್ದು ಇಡೀ ಊರು ಹೆಣ್ಣುಮಕ್ಕಳ ಸುರಕ್ಷತೆಯ ಬಗ್ಗೆ ಫೋನಿನಲ್ಲಿ ಮಾತಾಡುತ್ತಿದ್ದ ದಿನಗಳಲ್ಲಿ. ಸಾವಿರ ಗುಂಪುಗಳು ಒಬ್ಬಳ ಸಾವಿನ ಬಗ್ಗೆ ಕುದಿಯುತ್ತಿದ್ದಾಗ, ಆ ಊರಿನ ಇನ್ನೊಂದು ಓಣಿಯಲ್ಲಿ ಬದುಕಿದ್ದ ಹುಡುಗಿಯ ಭಯ ಒಂದು ಗುಂಪಿಗೂ ತಲುಪಲಿಲ್ಲ. ಬೆಂಬಲ ತಡವಾಗಿ ಬರುತ್ತದೆ ಎಂದು ನಾನು ಹೇಳುವುದು ಇದಕ್ಕೆ. ಸತ್ತ ಮೇಲೆ ಸೇರುವ ಲಕ್ಷ ಜನರಿಗಿಂತ ಬೆದರಿಕೆ ಬಂದ ದಿನ ಜತೆಗೆ ಬರುವ ನಾಲ್ವರು ಮುಖ್ಯ.

ಆ ನಾಲ್ವರು ಏನು ಮಾಡಬಹುದು? ಬಹಳಷ್ಟು ಮಾಡಬಹುದು, ಅದಕ್ಕೆ ವಕೀಲಿಕೆ ಓದಿರಬೇಕಿಲ್ಲ. ಬೇಡವೆಂದರೂ ಹಿಂಬಾಲಿಸುವುದು, ಮತ್ತೆ ಮತ್ತೆ ಮೆಸೇಜು ಮಾಡುವುದು, ಫೋನಿನಲ್ಲಿ ಯಾವಾಗ ಏನು ನೋಡುತ್ತಾಳೆ ಎಂದು ಗಮನಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮರುಕಳಿಸಿದರೆ ಐದು ವರ್ಷದವರೆಗೆ ಜೈಲು. ಘಟನೆ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ದೂರನ್ನು ಅಂಚೆಯಲ್ಲಿ ಮೇಲಧಿಕಾರಿಗೆ ಕಳಿಸಲು ಕಾನೂನೇ ಅವಕಾಶ ಕೊಟ್ಟಿದೆ. ನಮ್ಮ ಅವಳಿ ನಗರಕ್ಕೆ ಅದು ನವನಗರದ ಪೊಲೀಸ್ ಕಮಿಷನರ್ ಕಚೇರಿ. ಬಾಯಿಮಾತಿನಲ್ಲಿ ಹೇಳಿ ಬಂದ ದೂರು ಗಾಳಿಗೆ ಹೋಗುತ್ತದೆ. ಬರೆದುಕೊಟ್ಟು ಸ್ವೀಕೃತಿ ಪಡೆದದ್ದು ಉಳಿಯುತ್ತದೆ. ಒಬ್ಬಳೇ ಹೋದಾಗ ‘ಮನೆಗೆ ಹೋಗವಾ, ಮಾತಾಡಿ ಸರಿ ಮಾಡ್ಕೋರಿ’ ಎಂದು ಕಳಿಸುವವರು ನಾಲ್ಕು ಜನ ಹೋಗಿ ಕೂತಾಗ ಕುರ್ಚಿ ತೋರಿಸುತ್ತಾರೆ. ಹಿಂಸೆ ಮನೆಯೊಳಗಿನದಾದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಅವರ ಮೂಲಕ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು, ಇದ್ದ ಮನೆಯಲ್ಲೇ ಇರುವ ಹಕ್ಕು ಕೇಳಬಹುದು. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪಿನ್ ಮಾಡಿಡಬೇಕಾದ ಮೆಸೇಜು ಇದು.

ಫೋನು ಹಿಂಸೆಯ ಸಾಧನವಾದಾಗ ಏನಾಗುತ್ತದೆ ಎಂಬುದನ್ನು ಹಾಸನ ತೋರಿಸಿತು. 2024ರ ಲೋಕಸಭೆ ಚುನಾವಣೆಯ ಮತದಾನಕ್ಕೆ ಕೆಲವೇ ದಿನ ಮೊದಲು, ಹಾಸನದ ಅಂದಿನ ಸಂಸದ ಪ್ರಜ್ವಲ್ ರೇವಣ್ಣ ಅವರ ವಿರುದ್ಧದ ಲೈಂಗಿಕ ದೌರ್ಜನ್ಯ ಪ್ರಕರಣದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳನ್ನು ಬಸ್ ನಿಲ್ದಾಣ, ಬೀದಿಗಳಲ್ಲಿ ಚೆಲ್ಲಲಾಯಿತು. ಅದರಲ್ಲಿದ್ದ ಹೆಂಗಸರ ಮುಖಗಳನ್ನು ಮರೆಮಾಡುವ ಸೌಜನ್ಯವನ್ನೂ ಹಂಚಿದವರು ತೋರಲಿಲ್ಲ. ಖಂಡಿಸುತ್ತೇವೆ ಎಂದು ಹೇಳುತ್ತಲೇ ನಮ್ಮ ಊರುಗಳ ಎಷ್ಟೋ ಗುಂಪುಗಳಲ್ಲಿ ಅವು ಹರಿದಾಡಿದವು. ಅನೇಕ ಮನೆಗಳವರು ಊರು ಬಿಟ್ಟರು. ವಿಡಿಯೊ ಇಟ್ಟುಕೊಳ್ಳುವುದು, ಹಂಚುವುದು ಅಪರಾಧ ಎಂದು ವಿಶೇಷ ತನಿಖಾ ತಂಡ ಎಚ್ಚರಿಸಬೇಕಾಯಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಪ್ರಕಾರ ಅಂಥ ವಿಡಿಯೊ ಹಂಚಿದವರಿಗೆ ಮೊದಲ ಸಲವೇ ಐದು ವರ್ಷದವರೆಗೆ ಜೈಲು ಸಾಧ್ಯ. ಅತ್ಯಾಚಾರಕ್ಕೊಳಗಾದವರ ಗುರುತು ಬಯಲು ಮಾಡಿದರೆ ನ್ಯಾಯ ಸಂಹಿತೆಯ 72ನೇ ಕಲಂ ಅಡಿ ಎರಡು ವರ್ಷದವರೆಗೆ. ‘ಎಲ್ಲರಿಗೂ ಗೊತ್ತಾಗಲಿ ಎಂದು ಕಳಿಸಿದೆ’ ಎಂಬ ಉತ್ತರವನ್ನು ಕಾನೂನು ಒಪ್ಪುವುದಿಲ್ಲ. ನಾನೂ ಒಪ್ಪುವುದಿಲ್ಲ.

ಹಾಸನದ ಕತೆಗೆ ಇನ್ನೊಂದು ಮುಖವಿದೆ. ಮೇ 30ರಂದು ‘ಹಾಸನ ಚಲೋ’ ನಡೆಯಿತು. ರಾಜ್ಯದ ಮೂಲೆಮೂಲೆಯಿಂದ ಮಹಿಳಾ ಸಂಘಟನೆಗಳು, ರೈತರು, ದಲಿತ ಸಂಘಟನೆಗಳು ಸಾವಿರಾರು ಸಂಖ್ಯೆಯಲ್ಲಿ ಬಂದು, ಆ ಹೆಂಗಸರು ಒಂಟಿಯಲ್ಲ ಎಂದರು. ಬರುವಂತೆ ಕರೆ ಹೋದದ್ದು ಬಹುಪಾಲು ಫೋನಿನ ಮೂಲಕವೇ. ಮರುದಿನ ನಸುಕಿನಲ್ಲಿ ವಿದೇಶದಿಂದ ಮರಳಿದ ಆರೋಪಿಯ ಬಂಧನವಾಯಿತು. ಆಮೇಲೆ ನಡೆದದ್ದು ನ್ಯಾಯಾಲಯದ ಉದ್ದನೆಯ ಕೆಲಸ. ಮನೆಗೆಲಸ ಮಾಡುತ್ತಿದ್ದ ಒಬ್ಬ ಹೆಂಗಸು ಅಧಿಕಾರಸ್ಥ ಕುಟುಂಬದ ಎದುರು ಕಟಕಟೆಯಲ್ಲಿ ನಿಂತು, ಹೇಳಿದ್ದನ್ನು ಬದಲಿಸದೆ ಸಾಕ್ಷಿ ಹೇಳಿದರು. ಅವರ ಸೀರೆಯ ಮೇಲಿನ ಡಿಎನ್‌ಎ ಪುರಾವೆ ಅವರ ಮಾತಿಗೆ ಬಲ ಕೊಟ್ಟಿತು. 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಪ್ರಜ್ವಲ್ ರೇವಣ್ಣ ತಪ್ಪಿತಸ್ಥ ಎಂದಿತು, ಮರುದಿನ ಜೀವನಪೂರ್ತಿ ಸೆರೆವಾಸ ವಿಧಿಸಿತು. ಆ ತೀರ್ಪಿನ ವಿರುದ್ಧ ಅವರು ಮೇಲ್ಮನವಿ ಸಲ್ಲಿಸಿದ್ದಾರೆ. ಮಂಗಳೂರು ಮತ್ತು ಹಾಸನದ ಪ್ರಕರಣಗಳ ನಡುವೆ ವ್ಯತ್ಯಾಸಗಳು ಅನೇಕ. ಆದರೆ ನನಗೆ ಕಣ್ಣಿಗೆ ಹೊಡೆಯುವ ವ್ಯತ್ಯಾಸ ಒಂದೇ. ಅಲ್ಲಿ ಯಾವ ಹುಡುಗಿಯೂ ದೂರು ಕೊಡುವ ಸ್ಥಿತಿಯಲ್ಲಿರಲಿಲ್ಲ, ಇಲ್ಲಿ ಒಬ್ಬ ಹೆಂಗಸಿಗೆ ಕೊನೆಯವರೆಗೂ ನಿಲ್ಲಲು ಆಯಿತು.

ಹಾಗಾದರೆ ಅಂತರ್ಜಾಲದ ಗುಂಪುಗಳು ಕಲಿಯಬೇಕಾದ ವಿದ್ಯೆ ಒಬ್ಬ ಹೆಂಗಸನ್ನು ನಿಲ್ಲುವಂತೆ ಮಾಡುವುದು. ಅದರ ಒಂದು ಭಾಗ ಫೋನಿನಲ್ಲೇ ಆಗುತ್ತದೆ. ಖಾಸಗಿ ಫೋಟೋ ಹರಡುತ್ತೇನೆಂದು ಯಾರಾದರೂ ಬೆದರಿಸುತ್ತಿದ್ದರೆ ‘ಸ್ಟಾಪ್ ಎನ್‌ಸಿಐಐ’ ಎಂಬ ಸೇವೆಯಿದೆ. 2021ರ ಡಿಸೆಂಬರ್‌ನಲ್ಲಿ ಶುರುವಾದ ಇದು ಫೋಟೋವನ್ನು ಎಲ್ಲಿಗೂ ಕಳಿಸದೆ, ನಮ್ಮ ಫೋನಿನಲ್ಲೇ ಅದರಿಂದ ಒಂದು ಸಂಕೇತ ಸಂಖ್ಯೆ ತಯಾರಿಸುತ್ತದೆ. ಆ ಸಂಖ್ಯೆ ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂಥ ಕಂಪನಿಗಳಿಗೆ ಹೋಗುತ್ತದೆ. ಅದೇ ಫೋಟೋವನ್ನು ಯಾರಾದರೂ ಅಲ್ಲಿ ಹಾಕಿದರೆ ಸಂಖ್ಯೆ ಹೊಂದಿಕೆಯಾಗಿ ತಡೆಯಲು ಆಗುತ್ತದೆ. ನಮ್ಮ ಹುಡುಗಿಯರಲ್ಲಿ ಇದು ಗೊತ್ತಿರುವವರು ಬೆರಳೆಣಿಕೆಯಷ್ಟು. ಸೈಬರ್ ಅಪರಾಧಕ್ಕೆ 1930 ಸಂಖ್ಯೆ ಇದೆ, ರಾಷ್ಟ್ರೀಯ ಪೋರ್ಟಲ್ ಇದೆ. ಎಲ್ಲಕ್ಕಿಂತ ಮುಖ್ಯ, ಹೆದರಿ ಮೆಸೇಜು ಅಳಿಸಬಾರದು. ಸ್ಕ್ರೀನ್‌ಶಾಟ್‌ನ ಜತೆ ದಿನಾಂಕ, ಖಾತೆಯ ವಿಳಾಸ, ಮೂಲ ಫೋನು ಉಳಿಯಬೇಕು. ನ್ಯಾಯಾಲಯದಲ್ಲಿ ಡಿಜಿಟಲ್ ಪುರಾವೆಗೆ ಪ್ರಮಾಣಪತ್ರ ಬೇಕು ಎಂಬುದನ್ನು ತಿಳಿದವರೊಬ್ಬರು ಪ್ರತಿ ಗುಂಪಿನಲ್ಲೂ ಇದ್ದರೆ ಎಷ್ಟೋ ಪ್ರಕರಣಗಳು ಬಿದ್ದುಹೋಗುವುದು ತಪ್ಪುತ್ತದೆ.

ಇನ್ನೊಂದು ಭಾಗ ಫೋನಿನ ಆಚೆ ಇದೆ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದ ಹೆಂಗಸರು ಶೇ 35, ಗಂಡಸರು ಶೇ 62ರಷ್ಟು. ಆಮೇಲೆ ಈ ಸಂಖ್ಯೆ ಏರಿರಬಹುದು, ಆದರೆ ಫೋನು ಇದ್ದರೂ ಅದನ್ನು ಗಂಡ, ಮಗ ತೆರೆದು ನೋಡುವ ಮನೆಗಳು ಕುಂದಗೋಳ, ನವಲಗುಂದದ ಹಳ್ಳಿಗಳಲ್ಲಷ್ಟೇ ಅಲ್ಲ, ವಿದ್ಯಾನಗರದಲ್ಲೂ ಇವೆ. ಅಂಥವಳಿಗೆ ಗುಂಪಿನ ಕೊಂಡಿ ಕಳಿಸಿದರೆ ಹೊಡೆತ ಹೆಚ್ಚಾಗುತ್ತದೆ. ಅವಳನ್ನು ತಲುಪುವವರು ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರು, ಸ್ತ್ರೀಶಕ್ತಿ ಸಂಘದ ಗೆಳತಿ, ಪಕ್ಕದ ಮನೆಯವರು. 2008ರಲ್ಲಿ ‘ಬ್ರೇಕ್‌ಥ್ರೂ’ ಸಂಸ್ಥೆ ನಡೆಸಿದ ‘ಬೆಲ್ ಬಜಾವೊ’ ಅಭಿಯಾನ ಇದನ್ನು ಚೆನ್ನಾಗಿ ಅರಿತಿತ್ತು. ಪಕ್ಕದ ಮನೆಯಲ್ಲಿ ಹೊಡೆಯುವ ಸದ್ದು ಕೇಳಿದರೆ ಹೋಗಿ ಬೆಲ್ ಒತ್ತಿ, ಏನಾದರೂ ನೆಪ ಹೇಳಿ ಎಂಬುದಷ್ಟೇ ಅದರ ಮಾತು. ಕರ್ನಾಟಕದ ಊರುಗಳಲ್ಲೂ ಅದರ ವಿಡಿಯೊ ವ್ಯಾನುಗಳು ಸುತ್ತಿದ್ದವು. ಆ ಒಂದು ಕ್ಷಣದ ಅಡ್ಡಿಯಿಂದ ಎತ್ತಿದ ಕೈ ಇಳಿಯುತ್ತದೆ, ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದು ಹೊಡೆಯುವವನಿಗೂ ಹೊಡೆಸಿಕೊಳ್ಳುವವಳಿಗೂ ಗೊತ್ತಾಗುತ್ತದೆ. ನಿಮ್ಮ ಗುಂಪಿನಲ್ಲಿ ಒಬ್ಬ ಆಶಾ ಕಾರ್ಯಕರ್ತೆ ಇದ್ದಾರೆಯೇ? ಇಲ್ಲದಿದ್ದರೆ ಆ ಗುಂಪು ಅರ್ಧ ಊರಿಗೆ ಕಿವುಡು.

ಬೇಗ ಹೊರಟುಹೋಗುವ ರೋಗಕ್ಕೆ ಮದ್ದು ಇನ್ನೂ ಕಷ್ಟದ್ದು, ಏಕೆಂದರೆ ಅದು ತಾಳ್ಮೆ ಕೇಳುತ್ತದೆ. ಬೆಂಗಳೂರಿನ ‘ವಿಮೋಚನಾ’ ಸಂಘಟನೆ ಶುರುವಾದದ್ದು 1979ರಲ್ಲಿ, ಫೇಸ್‌ಬುಕ್ ಹುಟ್ಟುವುದಕ್ಕೆ 25 ವರ್ಷ ಮೊದಲು. ಅದರ ಕಾರ್ಯಕರ್ತೆಯರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿನಲ್ಲಿ ಹಾಸಿಗೆ ಹಾಸಿಗೆಯ ಬಳಿ ಕೂತು ಹೆಂಗಸರ ಮಾತು ಕೇಳಿಸಿಕೊಂಡರು. ಸ್ಟವ್ ಸಿಡಿದು ಸತ್ತಳು ಎಂದು ಮುಗಿಸಿಬಿಡುತ್ತಿದ್ದ ಸಾವುಗಳ ಹಿಂದೆ ಬೇರೆಯೇ ಕಾರಣವಿದೆ ಎಂಬುದು ಹೀಗೆ ಕೂತದ್ದರಿಂದ ಹೊರಬಂತು. ಜಾಲತಾಣದ ವೇಗಕ್ಕೆ ಈ ಕೂರುವ ಗುಣವನ್ನು ಸೇರಿಸುವುದು ಸಾಧ್ಯ. ಸೌಲಭ್ಯಗಳೂ ಇವೆ. ಹೆಂಗಸರು ಯಾರೇ ಆಗಲಿ, ಆದಾಯ ಎಷ್ಟೇ ಇರಲಿ, 1987ರ ಕಾಯ್ದೆಯ ಪ್ರಕಾರ ಉಚಿತ ವಕೀಲರನ್ನು ಪಡೆಯಬಹುದು. ಅದಕ್ಕೆ ಧಾರವಾಡದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, 15100 ಸಂಖ್ಯೆ ಇದೆ. ಸಾಕ್ಷಿಗೆ ಬೆದರಿಕೆಯಿದ್ದರೆ, ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ಕಲಘಟಗಿಯಿಂದ, ಅಳ್ನಾವರದಿಂದ ನ್ಯಾಯಾಲಯಕ್ಕೆ ಜತೆಯಾಗಿ ಬರುವ ಹೆಂಗಸರಿಗೆ ಶಕ್ತಿ ಯೋಜನೆ ಬಂದ 2023ರಿಂದ ಬಸ್ಸಿನ ಖರ್ಚೂ ಇಲ್ಲ. ಅತ್ಯಾಚಾರ ಪ್ರಕರಣದ ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ, ಒಳಗೆ ನಾವು ಹೋಗುವಂತಿಲ್ಲ. ಆದರೆ ಹೊರಗಿನ ಬೆಂಚಿನ ಮೇಲೆ ಆರೋಪಿಯ ಕಡೆಯ ಇಪ್ಪತ್ತು ಜನ ಕೂತಿರುವಾಗ ಅವಳ ಕಡೆಯವರು ಐವರು ಇದ್ದರೂ ಅವಳು ಒಳಗೆ ನಡೆಯುವ ರೀತಿ ಬೇರೆಯಾಗುತ್ತದೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪ್ರತಿ ವರ್ಷ ನವೆಂಬರ್ 25ರಿಂದ ಡಿಸೆಂಬರ್ 10ರವರೆಗೆ ಲೋಕದಾದ್ಯಂತ ಹೆಣ್ಣಿನ ಮೇಲಿನ ಹಿಂಸೆ ನಿಲ್ಲಿಸಲು 16 ದಿನಗಳ ಅಭಿಯಾನ ನಡೆಯುತ್ತದೆ. 1991ರಲ್ಲಿ ಶುರುವಾದದ್ದು ಅದು. ನಮ್ಮ ಕಾಲೇಜುಗಳಲ್ಲೂ ಪೋಸ್ಟರ್ ಬರೆಸುತ್ತಾರೆ, ಡಿಪಿ ಬದಲಿಸುತ್ತಾರೆ. ಅವಳಿ ನಗರದ ಹೆಣ್ಣುಮಕ್ಕಳ, ಗಂಡುಮಕ್ಕಳ ಎಲ್ಲ ಗುಂಪುಗಳಿಗೂ ನನ್ನದೊಂದು ಒತ್ತಾಯವಿದೆ. ಈ ಸಲ ಆ 16 ದಿನಗಳಲ್ಲಿ ನಿಮ್ಮ ಓಣಿಯಲ್ಲೋ ಕಾಲೇಜಿನಲ್ಲೋ ನ್ಯಾಯಕ್ಕಾಗಿ ಹೋರಾಡುತ್ತಿರುವ ಒಬ್ಬ ಹೆಂಗಸನ್ನು ಕೇಳಿ, ಅವಳು ಒಪ್ಪಿದರೆ ಅವಳ ಪ್ರಕರಣದ ಸಂಖ್ಯೆ ಬರೆದಿಟ್ಟುಕೊಳ್ಳಿ. ‘ಇ-ಕೋರ್ಟ್ಸ್’ ಆ್ಯಪ್‌ನಲ್ಲಿ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ಮುಂದಿನ ವಿಚಾರಣೆಯ ದಿನಾಂಕ ಕಾಣುತ್ತದೆ. ಸರದಿಯಂತೆ ಪ್ರತಿ ದಿನಾಂಕಕ್ಕೂ ಇಬ್ಬರು ಹೋಗಿ. ಅವಳ ಹೆಸರು, ಫೋಟೋ ಯಾವುದನ್ನೂ ಎಲ್ಲಿಯೂ ಹಾಕಬೇಡಿ. ಸುದ್ದಿ ತಣ್ಣಗಾಗಿ ವರ್ಷಗಳಾದ ಮೇಲೂ, ತೀರ್ಪು ಬರುವವರೆಗೂ ಹೋಗುತ್ತಲೇ ಇರಿ. ಗೋಕುಲ ರಸ್ತೆಯ ಆ ಹುಡುಗಿಗೂ ನಾನು ಇದನ್ನೇ ಹೇಳಿದೆ. ಸ್ಟೇಟಸ್ ಹಾಕು, ತಪ್ಪಲ್ಲ. ಅದಕ್ಕಿಂತ ಮೊದಲು ಒಂದು ದಿನಾಂಕ ತಿಳಿದುಕೊ, ಆ ದಿನ ಹೋಗು. ಹತ್ತು ಗುಂಪುಗಳು ಹೀಗೆ ಹೋಗತೊಡಗಿದರೆ ಹುಬ್ಬಳ್ಳಿಯಲ್ಲಿ ಸಾಕ್ಷಿ ಹೇಳುವ ಹೆಂಗಸರು ಹೆಚ್ಚುತ್ತಾರೆ, ಸಾಕ್ಷಿ ಹೇಳಲಿಕ್ಕಿಲ್ಲ ಎಂಬ ಧೈರ್ಯದ ಮೇಲೆ ಕೈ ಎತ್ತುವವರು ಕಡಿಮೆಯಾಗುತ್ತಾರೆ.